ಜಾನ್ ಕ್ವಿನ್ಸಿ ಆಡಮ್ಸ್: ಅಮೆರಿಕದ ಪಕ್ಷಗಳ ನಡುವೆ ಬಾಳಿದವನು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಾಲ್ಕು ವರ್ಷಗಳಿಗೊಮ್ಮೆ ಅಧ್ಯಕ್ಷನ ಚುನಾವಣೆಯು ನಡೆಯುವಾಗ ನಮ್ಮ ಮೇಲಿನ ತರಗತಿಗಳ ಹುಡುಗಿಯರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಅಷ್ಟು ವಿಸ್ತಾರವಾದ ದೇಶದಲ್ಲಿ ಎರಡೇ ಪಕ್ಷಗಳು ಆಳುವುದೇಕೆ, ಮೂರನೆಯದೊಂದು ತಲೆಯೆತ್ತದೆ ಹೋಗುವುದೇಕೆ ಎಂಬುದೇ ಆ ಪ್ರಶ್ನೆ. ರಾಜ್ಯಾಂಗದ ವಿಧಿಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ಇದಕ್ಕೆ ಉತ್ತರ ಕೊಡಬಹುದು. ಆದರೆ ಅಂಥ ಉತ್ತರವು ಪರೀಕ್ಷೆಯು ಮುಗಿದ ಮರುದಿನವೇ ಮರೆತುಹೋಗುವುದೆಂದು ಹೆತ್ತವರಿಗೆ ನಾನು ಹೇಳಬೇಕಾಗಿಲ್ಲ. ಒಬ್ಬ ಮನುಷ್ಯನ ಜೀವಿತದೊಡನೆ ಕೂಡಿಸಿ ಹೇಳಿದರೆ ಅದು ನೆನಪಿನಲ್ಲಿ ಉಳಿಯುತ್ತದೆ. ಆದುದರಿಂದ ಆ ದೇಶದ ಆರನೆಯ ಅಧ್ಯಕ್ಷನಾದ ಜಾನ್ ಕ್ವಿನ್ಸಿ ಆಡಮ್ಸನ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದೆ ಇಡುತ್ತೇನೆ. ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ವಾಷಿಂಗ್ಟನನಿಗೂ ಲಿಂಕನನಿಗೂ ಅಧ್ಯಾಯಗಳಿರುವಾಗ ಇವನಿಗೆ ದೊರೆಯುವುದು ಒಂದೆರಡು ಸಾಲುಗಳು ಮಾತ್ರ. ಆದರೂ ಅಮೆರಿಕದ ಪಕ್ಷಗಳು ಹುಟ್ಟಿದ್ದು, ಸತ್ತದ್ದು, ಮತ್ತೆ ಹುಟ್ಟಿದ್ದು ಎಲ್ಲವೂ ಇವನ ಕಣ್ಣ ಮುಂದೆಯೇ ನಡೆಯಿತು. ಇವನು ತನ್ನ ಜೀವಮಾನದಲ್ಲಿ ಐದು ಪಕ್ಷಗಳ ಹೆಸರನ್ನು ಹೊತ್ತನು. ಒಂದಕ್ಕಾದರೂ ಪೂರ್ಣವಾಗಿ ಸೇರಿದವನಾಗಿರಲಿಲ್ಲ.

ಆಡಮ್ಸನು 1767ನೆಯ ಇಸವಿ ಜುಲೈ 11ರಂದು ಮ್ಯಾಸಚೂಸೆಟ್ಸ್ ಪ್ರಾಂತ್ಯದ ಬ್ರೇನ್‌ಟ್ರೀ ಎಂಬ ಊರಿನಲ್ಲಿ ಹುಟ್ಟಿದನು. ಆಗ ಆ ಪ್ರಾಂತ್ಯವು ಇಂಗ್ಲಿಷರ ಅಧೀನದಲ್ಲಿತ್ತು. ತಂದೆಯಾದ ಜಾನ್ ಆಡಮ್ಸನು ವಕೀಲನು. ಮುಂದೆ ಸ್ವಾತಂತ್ರ್ಯ ಚಳುವಳಿಯ ಮುಖಂಡರಲ್ಲಿ ಒಬ್ಬನಾಗಿ, ಕಡೆಗೆ ದೇಶದ ಎರಡನೆಯ ಅಧ್ಯಕ್ಷನಾದವನು. ತಾಯಿಯಾದ ಅಬಿಗೇಲಳು ಶಾಲೆಯ ಮೆಟ್ಟಲನ್ನೇ ಹತ್ತದವಳು. ಆದರೆ ಮನೆಯ ಪುಸ್ತಕಗಳನ್ನೆಲ್ಲ ಓದಿ ತನ್ನ ಕಾಲದ ಗಂಡಸರನ್ನು ನಾಚಿಸುವಷ್ಟು ತಿಳುವಳಿಕೆಯನ್ನು ಸಂಪಾದಿಸಿದವಳು. 1776ರಲ್ಲಿ, ಹೊಸ ದೇಶಕ್ಕೆ ನ್ಯಾಯವಿಧಿಗಳನ್ನು ಮಾಡುವಾಗ ಹೆಂಗಸರನ್ನು ಮರೆಯಬಾರದೆಂದು ಗಂಡನಿಗೆ ಕಾಗದ ಬರೆದವಳು ಈಕೆಯೇ. ಗಂಡನು ಅದನ್ನು ನಗೆಯ ಮಾತಾಗಿ ತೆಗೆದುಕೊಂಡನು. ಮಗನು ಅರುವತ್ತು ವರ್ಷಗಳ ಮೇಲೆ ಅದಕ್ಕೆ ಬೇರೆ ವಿಧವಾದ ಉತ್ತರವನ್ನು ಕೊಟ್ಟನೆಂಬುದನ್ನು ಮುಂದೆ ನೋಡುವೆವು.

1775ರ ಜೂನ್ 17ರಂದು ಏಳು ವರ್ಷದ ಈ ಬಾಲಕನು ತಾಯಿಯ ಕೈ ಹಿಡಿದುಕೊಂಡು ಮನೆಯ ಹತ್ತಿರದ ಗುಡ್ಡದ ಮೇಲೆ ನಿಂತು, ಬಾಸ್ಟನ್ ಪಟ್ಟಣದ ಆಚೆ ಬಂಕರ್ ಹಿಲ್ ಎಂಬಲ್ಲಿ ನಡೆಯುತ್ತಿದ್ದ ಯುದ್ಧದ ಹೊಗೆಯನ್ನು ನೋಡಿದನು. ಹತ್ತು ವರ್ಷದ ಪ್ರಾಯದಲ್ಲಿ ತಂದೆಯೊಡನೆ ಹಡಗನ್ನೇರಿ ಫ್ರಾನ್ಸಿಗೆ ಹೋದನು. ಹದಿನಾಲ್ಕನೆಯ ವರ್ಷದಲ್ಲಿ ಅಮೆರಿಕದ ಪ್ರತಿನಿಧಿಯೊಬ್ಬನಿಗೆ ಕಾರ್ಯದರ್ಶಿಯಾಗಿಯೂ ಫ್ರೆಂಚ್ ದುಭಾಷಿಯಾಗಿಯೂ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದನು. 1779ರಲ್ಲಿ ಪ್ರಾರಂಭಿಸಿದ ದಿನಚರಿಯನ್ನು ಸಾಯುವ ವರ್ಷದ ಪರ್ಯಂತ ಬರೆದನು; ಅದು 51 ಸಂಪುಟಗಳಾಗಿ ಇಂದಿಗೂ ಉಳಿದಿದೆ. ಬೆಳಕು ಹರಿಯುವ ಮೊದಲೇ ಎದ್ದು ಸತ್ಯವೇದದ ಅಧ್ಯಾಯಗಳನ್ನು ಓದುವ ಅಭ್ಯಾಸವನ್ನೂ ಅವನು ಕೊನೆಯ ತನಕ ಬಿಡಲಿಲ್ಲ. ಇಂಥ ಶಿಸ್ತಿನಿಂದ ಬೆಳೆದವನಲ್ಲಿ ವಿದ್ಯೆಯೂ ನಿಷ್ಠೆಯೂ ತುಂಬಿದ್ದವು. ಸರಸವಾದ ಮಾತು ಮಾತ್ರ ಬರಲಿಲ್ಲ. ಜನರ ನಡುವೆ ಅವನು ಬಿಗಿದುಕೊಂಡಿರುತ್ತಿದ್ದನು. ತನ್ನ ಗಂಡುಮಕ್ಕಳಿಗೆ ವಿಧಿಸಿದ ಕಟ್ಟುಪಾಡುಗಳು ಮಕ್ಕಳು ಹೊರಲಾರದಷ್ಟು ಭಾರವಾಗಿದ್ದವೆಂದು ನನಗೆ ತೋರುತ್ತದೆ.

ಈಗ ಪಕ್ಷಗಳ ಹುಟ್ಟನ್ನು ಸ್ವಲ್ಪ ಹೇಳಬೇಕು. 1787ರಲ್ಲಿ ರಚಿಸಲ್ಪಟ್ಟ ಅಮೆರಿಕದ ರಾಜ್ಯಾಂಗದಲ್ಲಿ ಪಕ್ಷವೆಂಬ ಶಬ್ದವೇ ಇಲ್ಲ. ಅದನ್ನು ರಚಿಸಿದ ಹಿರಿಯರು ಪಕ್ಷವನ್ನು ರೋಗದ ಹಾಗೆ ಎಣಿಸಿದವರು. ಆದರೂ ವಾಷಿಂಗ್ಟನನ ಮಂತ್ರಿಮಂಡಲದಲ್ಲಿಯೇ ಒಡಕು ಹುಟ್ಟಿತು. ಹಣಕಾಸಿನ ಮಂತ್ರಿಯಾದ ಹ್ಯಾಮಿಲ್ಟನನು ಬಲವಾದ ಕೇಂದ್ರ ಸರಕಾರವೂ ರಾಷ್ಟ್ರೀಯ ಬ್ಯಾಂಕೂ ಇಂಗ್ಲೆಂಡಿನೊಡನೆ ವ್ಯಾಪಾರದ ಸ್ನೇಹವೂ ಬೇಕೆಂದನು; ವಿದೇಶ ಖಾತೆಯ ಮಂತ್ರಿಯಾದ ಜೆಫರ್ಸನನು ಬೇಸಾಯಗಾರರ ಹಿತವನ್ನೂ ಸಂಸ್ಥಾನಗಳ ಹಕ್ಕನ್ನೂ ಫ್ರಾನ್ಸಿನ ಸ್ನೇಹವನ್ನೂ ಹಿಡಿದನು. ಹ್ಯಾಮಿಲ್ಟನನ ಕಡೆಯವರಿಗೆ ಫೆಡರಲಿಸ್ಟರೆಂದೂ ಜೆಫರ್ಸನನ ಕಡೆಯವರಿಗೆ ರಿಪಬ್ಲಿಕನರೆಂದೂ ಹೆಸರಾಯಿತು. ಈ ಹಳೆಯ ರಿಪಬ್ಲಿಕನರು ಬೇರೆ, ಇಂದು ಅದೇ ಹೆಸರಿನಿಂದಿರುವ ಪಕ್ಷವು ಬೇರೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

1796ರ ಚುನಾವಣೆಯಲ್ಲಿ ಫೆಡರಲಿಸ್ಟನಾದ ಜಾನ್ ಆಡಮ್ಸನಿಗೆ 71 ಮತಗಳೂ ಜೆಫರ್ಸನನಿಗೆ 68 ಮತಗಳೂ ಬಂದವು. ಅಂದಿನ ನಿಯಮದಂತೆ ಎರಡನೆಯವನು ಉಪಾಧ್ಯಕ್ಷನಾಗಬೇಕಾದುದರಿಂದ ಎದುರು ಪಕ್ಷದವರಿಬ್ಬರು ನಾಲ್ಕು ವರ್ಷ ಒಂದೇ ನೊಗಕ್ಕೆ ಕಟ್ಟಲ್ಪಟ್ಟರು. 1800ರಲ್ಲಿ ಜೆಫರ್ಸನನು ಗೆದ್ದನು. ಅವನ ಗೆಲುವಿಗೆ ಒಂದು ಗುಟ್ಟಾದ ಸಹಾಯವಿತ್ತು. ರಾಜ್ಯಾಂಗದ ಪ್ರಕಾರ ದಕ್ಷಿಣದ ಸಂಸ್ಥಾನಗಳ ಗುಲಾಮರಲ್ಲಿ ಐದು ಮಂದಿಯನ್ನು ಮೂರು ಮಂದಿಯೆಂದು ಲೆಕ್ಕ ಹಿಡಿದು ಒಡೆಯರ ಸಂಸ್ಥಾನಗಳಿಗೆ ಹೆಚ್ಚಿನ ಸ್ಥಾನಗಳನ್ನು ಕೊಡಲಾಗುತ್ತಿತ್ತು. ಗುಲಾಮನಿಗೆ ಮತವಿಲ್ಲ, ಅವನ ತಲೆಯ ಎಣಿಕೆಯಿಂದ ಒಡೆಯನ ಮತಕ್ಕೆ ತೂಕ ಬರುತ್ತಿತ್ತು. ಈ ಲೆಕ್ಕವನ್ನು ಕಿರಿಯ ಆಡಮ್ಸನು ಎಂದೂ ಮರೆಯಲಿಲ್ಲ.

ಆ ಹೊತ್ತಿಗೆ ಅವನು ಹಾಲೆಂಡಿನಲ್ಲಿಯೂ ಪ್ರಷ್ಯದಲ್ಲಿಯೂ ದೇಶದ ಪ್ರತಿನಿಧಿಯಾಗಿದ್ದು, 1797ರಲ್ಲಿ ಲಂಡನ್ನಿನಲ್ಲಿ ಲೂಯಿಸಾ ಜಾನ್‌ಸನ್ ಎಂಬಾಕೆಯನ್ನು ವಿವಾಹವಾಗಿದ್ದನು. 1803ರಲ್ಲಿ ಫೆಡರಲಿಸ್ಟನಾಗಿಯೇ ಸೆನೆಟ್ ಸಭೆಗೆ ಹೋದನು. ಆದರೆ ಅಲ್ಲಿ ಅವನು ಕುಳಿತ ಬೆಂಚು ಒಂದು, ಕೊಟ್ಟ ಮತ ಮತ್ತೊಂದು ಆಯಿತು. ಫ್ರಾನ್ಸಿನಿಂದ ಲೂಸಿಯಾನ ಪ್ರದೇಶವನ್ನು ಕೊಂಡುಕೊಂಡದ್ದು ದೇಶಕ್ಕೆ ಹಿತವೆಂದು ಒಪ್ಪಿದನು. ಅವನ ಪಕ್ಷದವರು ವಿರೋಧಿಸಿದರು. 1807ರಲ್ಲಿ ಇಂಗ್ಲಿಷರ ಯುದ್ಧ ಹಡಗು ಅಮೆರಿಕದ ಹಡಗೊಂದರ ಮೇಲೆ ಗುಂಡು ಹಾರಿಸಿ ನಾವಿಕರನ್ನು ಎಳೆದುಕೊಂಡು ಹೋದಾಗ, ಅಮೆರಿಕದ ಹಡಗುಗಳು ಯಾವ ಹೊರದೇಶಕ್ಕೂ ಹೋಗಕೂಡದೆಂದು ಜೆಫರ್ಸನನು ತಂದ ಕಾಯಿದೆಗೆ ಮತ ಕೊಟ್ಟನು. ಇದರಿಂದ ಬಾಸ್ಟನ್ನಿನ ವರ್ತಕರ ಹಡಗುಗಳು ಬಂದರಿನಲ್ಲಿಯೇ ಕೊಳೆತವು. ಅವನನ್ನು ಆರಿಸಿ ಕಳುಹಿಸಿದವರು ಆ ವರ್ತಕರೇ. 1808ರಲ್ಲಿ ಮ್ಯಾಸಚೂಸೆಟ್ಸಿನ ಶಾಸನಸಭೆಯು ಅವನ ಅವಧಿಯು ಮುಗಿಯುವ ಮೊದಲೇ ಬೇರೊಬ್ಬನನ್ನು ಅವನ ಸ್ಥಾನಕ್ಕೆ ಆರಿಸಿ ಅವಮಾನಪಡಿಸಿತು. ಆಡಮ್ಸನು ಕೂಡಲೆ ರಾಜೀನಾಮೆ ಕೊಟ್ಟು ಮನೆಗೆ ಹೋದನು. ನೆರೆಹೊರೆಯವರು ಅವನನ್ನು ಪಕ್ಷದ್ರೋಹಿಯೆಂದು ಕಂಡರು. ಇದು ಅವನು ಪಕ್ಷದಿಂದ ಕಲಿತ ಮೊದಲನೆಯ ಪಾಠ.

ಮುಂದಿನ ಹದಿನೇಳು ವರ್ಷಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಅವು ಅವನ ಯಶಸ್ಸಿನ ವರ್ಷಗಳು. ರಷ್ಯದಲ್ಲಿ ರಾಯಭಾರಿಯಾದನು, 1814ರ ಡಿಸೆಂಬರ್ 24ರಂದು ಗೆಂಟ್ ಎಂಬಲ್ಲಿ ಇಂಗ್ಲೆಂಡಿನೊಡನೆ ಆದ ಶಾಂತಿಯ ಒಡಂಬಡಿಕೆಗೆ ಸಹಿ ಹಾಕಿದನು, ಬಳಿಕ ಲಂಡನ್ನಿನಲ್ಲಿ ಪ್ರತಿನಿಧಿಯಾದನು. 1817ರಿಂದ ಎಂಟು ವರ್ಷ ಮನ್ರೋ ಅಧ್ಯಕ್ಷನ ವಿದೇಶ ಮಂತ್ರಿಯಾಗಿ 1819ರಲ್ಲಿ ಸ್ಪೇನಿನಿಂದ ಫ್ಲಾರಿಡವನ್ನು ದೊರಕಿಸಿಕೊಟ್ಟನು. ಯುರೋಪಿನ ದೊರೆಗಳು ಅಮೆರಿಕ ಖಂಡದಲ್ಲಿ ಹೊಸ ವಸಾಹತುಗಳನ್ನು ಮಾಡಕೂಡದೆಂಬ 1823ರ ಪ್ರಸಿದ್ಧ ಘೋಷಣೆಗೆ ಮನ್ರೋವಿನ ಹೆಸರಿದ್ದರೂ ಅದರ ಹಿಂದೆ ಆಡಮ್ಸನ ಬುದ್ಧಿ ಬಹಳವಾಗಿ ಇತ್ತು. ಈ ನಡುವೆ ಫೆಡರಲಿಸ್ಟ್ ಪಕ್ಷವು ಯುದ್ಧಕಾಲದಲ್ಲಿ ದೇಶಕ್ಕೆ ವಿರೋಧವಾಗಿ ನಡೆಯಿತೆಂಬ ಕೆಟ್ಟ ಹೆಸರನ್ನು ಪಡೆದು ಕುಗ್ಗಿ ಸಾಯುತ್ತಿತ್ತು. 1820ರಲ್ಲಿ ಮನ್ರೋವಿಗೆ ಎದುರಾಳಿಯೇ ಇರಲಿಲ್ಲ. ಚಲಾಯಿಸಲ್ಪಟ್ಟ 232 ಮತಗಳಲ್ಲಿ 231 ಅವನಿಗೆ ಬಿದ್ದವು. ಉಳಿದ ಒಂದು ಮತವು ಬಿದ್ದದ್ದು, ಸ್ಪರ್ಧಿಸದೆ ಇದ್ದ ಆಡಮ್ಸನಿಗೆ.

ಪಕ್ಷಗಳು ಮುಗಿದವು, ಇನ್ನು ದೇಶವೆಲ್ಲ ಒಂದೇ ಕುಟುಂಬವೆಂದು ಅನೇಕರು ಸಂತೋಷಪಟ್ಟರು. ಆ ಸಂತೋಷವು ನಾಲ್ಕು ವರ್ಷ ನಿಂತಿತು. ಒಂದೇ ಪಕ್ಷವಿದ್ದಲ್ಲಿ ಜಗಳವು ನಿಲ್ಲುವುದಿಲ್ಲ; ತತ್ವಗಳ ಜಗಳವು ಹೋಗಿ ವ್ಯಕ್ತಿಗಳ ಜಗಳವು ಬರುತ್ತದೆ. 1824ರಲ್ಲಿ ನಾಲ್ವರು ಒಂದೇ ಪಕ್ಷದ ಹೆಸರಿನಿಂದ ಅಧ್ಯಕ್ಷ ಪದವಿಗೆ ನಿಂತರು: ಆಡಮ್ಸ್, ಯುದ್ಧವೀರನಾದ ಆಂಡ್ರ್ಯೂ ಜ್ಯಾಕ್ಸನ್, ಹಣಕಾಸಿನ ಮಂತ್ರಿ ಕ್ರಾಫರ್ಡ್, ಪ್ರತಿನಿಧಿ ಸಭೆಯ ಸಭಾಪತಿ ಹೆನ್ರಿ ಕ್ಲೇ. ಇವರಲ್ಲಿ ಜ್ಯಾಕ್ಸನನು ಆಡಮ್ಸನಿಗೆ ಶತ್ರುವಾಗಿರಲಿಲ್ಲ. 1818ರಲ್ಲಿ ಜ್ಯಾಕ್ಸನನು ಫ್ಲಾರಿಡದೊಳಗೆ ಸೈನ್ಯವನ್ನು ನುಗ್ಗಿಸಿದಾಗ ಮಂತ್ರಿಮಂಡಲದಲ್ಲಿ ಅವನ ಪರವಾಗಿ ನಿಂತವನು ಆಡಮ್ಸನೊಬ್ಬನೇ. 1824ರ ಜನವರಿ 8ರಂದು ಲೂಯಿಸಾಳು ತನ್ನ ಮನೆಯಲ್ಲಿ ದೊಡ್ಡ ಔತಣವನ್ನೇರ್ಪಡಿಸಿದ್ದೂ ಜ್ಯಾಕ್ಸನನ ಗೌರವಾರ್ಥವಾಗಿಯೇ.

ಅಮೆರಿಕದಲ್ಲಿ ಪ್ರಜೆಗಳು ಅಧ್ಯಕ್ಷನನ್ನು ನೇರವಾಗಿ ಆರಿಸುವುದಿಲ್ಲ. ಪ್ರತಿಯೊಂದು ಸಂಸ್ಥಾನವೂ ತನ್ನ ಪಾಲಿನ ಚುನಾಯಕರನ್ನು ಗೊತ್ತುಮಾಡುತ್ತದೆ. ಎಲ್ಲ ಚುನಾಯಕರ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಡೆದವನೇ ಅಧ್ಯಕ್ಷನು. ಹಾಗೆ ಯಾರಿಗೂ ಬಾರದಿದ್ದರೆ ಮೊದಲಿನ ಮೂವರಲ್ಲಿ ಒಬ್ಬನನ್ನು ಪ್ರತಿನಿಧಿ ಸಭೆಯು ಆರಿಸಬೇಕು. ಅಲ್ಲಿ ಚಿಕ್ಕ ಸಂಸ್ಥಾನಕ್ಕೂ ದೊಡ್ಡ ಸಂಸ್ಥಾನಕ್ಕೂ ಒಂದೊಂದೇ ಮತ. ಆ ವರ್ಷ ಒಟ್ಟು ಮತಗಳು 261. ಜ್ಯಾಕ್ಸನನಿಗೆ 99, ಆಡಮ್ಸನಿಗೆ 84, ಕ್ರಾಫರ್ಡನಿಗೆ 41, ಕ್ಲೇಯಿಗೆ 37 ಬಂದವು. ಬೇಕಾಗಿದ್ದ 131 ಯಾರಿಗೂ ಬರಲಿಲ್ಲ. ನಾಲ್ಕನೆಯವನಾಗಿ ಹೊರಬಿದ್ದ ಕ್ಲೇಯು ತನ್ನ ಬೆಂಬಲವನ್ನು ಆಡಮ್ಸನಿಗೆ ಕೊಟ್ಟನು. 1825ರ ಫೆಬ್ರವರಿ 9ರಂದು ಪ್ರತಿನಿಧಿ ಸಭೆಯಲ್ಲಿ 13 ಸಂಸ್ಥಾನಗಳು ಆಡಮ್ಸನನ್ನು ಆರಿಸಿದವು. ಕೆಲವು ದಿನಗಳೊಳಗೆ ಆಡಮ್ಸನು ಕ್ಲೇಯನ್ನು ವಿದೇಶ ಮಂತ್ರಿಯನ್ನಾಗಿ ಹೆಸರಿಸಿದನು.

ಇವರಿಬ್ಬರ ನಡುವೆ ಮೊದಲೇ ಕರಾರು ಆಗಿತ್ತೆಂಬುದಕ್ಕೆ ಸಾಕ್ಷ್ಯವಿಲ್ಲ. ದೇಶದ ಉದ್ಧಾರದ ವಿಷಯದಲ್ಲಿ ಇಬ್ಬರ ಅಭಿಪ್ರಾಯವೂ ಒಂದೇ ಆಗಿತ್ತು. ಆದರೆ ಜ್ಯಾಕ್ಸನನ ಕಡೆಯವರು ಇದನ್ನು ಭ್ರಷ್ಟವಾದ ವ್ಯಾಪಾರವೆಂದು ಕರೆದು ನಾಲ್ಕು ವರ್ಷ ಊರೂರಿಗೆ ಸಾರಿದರು. ಹೆಚ್ಚು ಮತ ಪಡೆದವನು ಸೋತು, ಕಡಿಮೆ ಪಡೆದವನು ಗೆದ್ದನೆಂಬ ಮಾತು ಸಾಮಾನ್ಯ ಜನರಿಗೆ ಬೇಗನೆ ತಿಳಿಯಿತು. ಆಡಮ್ಸನು ನ್ಯಾಯವಾದ ಕಾರ್ಯವನ್ನು ವಿವೇಕವಿಲ್ಲದೆ ಮಾಡಿದನೆಂದು ನನ್ನ ಅಭಿಪ್ರಾಯ.

ಅವನ ಆಳ್ವಿಕೆಯನ್ನು ಓದುವಾಗ ಮರುಕ ಹುಟ್ಟುತ್ತದೆ. ರಾಷ್ಟ್ರೀಯ ವಿಶ್ವವಿದ್ಯಾನಿಲಯ, ನಕ್ಷತ್ರಗಳನ್ನು ನೋಡುವ ವೇಧಶಾಲೆ, ರಸ್ತೆಗಳು, ಕಾಲುವೆಗಳು ಇವೆಲ್ಲ ಸರಕಾರದಿಂದ ಆಗಬೇಕೆಂದು 1825ರ ಡಿಸೆಂಬರಿನಲ್ಲಿ ಅವನು ಕಾಂಗ್ರೆಸ್ಸಿಗೆ ತಿಳಿಸಿದನು. ಸಭೆಯು ನಕ್ಕಿತು. ಎದುರಾಳಿಗಳನ್ನು ಉದ್ಯೋಗದಿಂದ ತೆಗೆದು ತನ್ನವರನ್ನು ತುಂಬಬೇಕೆಂದು ಮಿತ್ರರು ಒತ್ತಾಯಿಸಿದರು. ಯೋಗ್ಯನಾದ ನೌಕರನನ್ನು ಅಭಿಪ್ರಾಯಭೇದಕ್ಕಾಗಿ ತೆಗೆಯುವುದಿಲ್ಲವೆಂದು ಅವನು ಹಟ ಹಿಡಿದನು. ಅಂಚೆಯ ಇಲಾಖೆಯ ಮುಖ್ಯಸ್ಥನು ಜ್ಯಾಕ್ಸನನಿಗಾಗಿ ಕೆಲಸ ಮಾಡುತ್ತಿದ್ದನೆಂದು ತಿಳಿದಿದ್ದರೂ ಅವನನ್ನು ಇರಗೊಟ್ಟನು. ಇದು ಉನ್ನತವಾದ ನಡತೆಯೇ ಹೌದು. ಆದರೆ ನೂರಾರು ಮಂದಿಯ ಒಪ್ಪಿಗೆಯಿಂದ ನಡೆಯಬೇಕಾದ ಸರಕಾರದಲ್ಲಿ, ತನ್ನ ಹಿಂದೆ ಒಂದು ಗುಂಪನ್ನು ಕಟ್ಟಿಕೊಳ್ಳದವನು ಒಳ್ಳೆಯ ಯೋಜನೆಗಳನ್ನು ಕಾಗದದ ಮೇಲೆ ಬರೆದಿಡಬಲ್ಲನೇ ಹೊರತು ಕಾಲುವೆಗೆ ನೀರು ಬಿಡಲಾರನು. ಪಕ್ಷವೆಂದರೆ ಕೇವಲ ಕೆಡಕೆಂದು ಹೇಳುವವರು ಆಡಮ್ಸನ ಈ ನಾಲ್ಕು ವರ್ಷಗಳನ್ನು ಓದಿ ನೋಡಬೇಕು.

ಅದೇ ಸಮಯದಲ್ಲಿ ನ್ಯೂಯಾರ್ಕಿನ ಸೆನೆಟರನಾದ ಮಾರ್ಟಿನ್ ವ್ಯಾನ್ ಬ್ಯೂರೆನ್ ಎಂಬವನು ಬೇರೊಂದು ಕೆಲಸವನ್ನು ಮಾಡುತ್ತಿದ್ದನು. ಇವನು ಹೋಟಲು ನಡೆಸುತ್ತಿದ್ದವನೊಬ್ಬನ ಮಗನು, ಮೃದುಮಾತಿನವನು, ಜನರನ್ನು ಒಟ್ಟುಗೂಡಿಸುವುದರಲ್ಲಿ ಅವನಿಗೆ ಸಮಾನರು ಇರಲಿಲ್ಲ. ಪಕ್ಷವು ರೋಗವಲ್ಲ, ಸ್ವತಂತ್ರವಾದ ದೇಶಕ್ಕೆ ಬೇಕಾದ ಅಂಗವೆಂದು ಧೈರ್ಯವಾಗಿ ನಂಬಿದ ಮೊದಲಿಗರಲ್ಲಿ ಇವನೊಬ್ಬನು. 1827ರ ಜನವರಿಯಲ್ಲಿ ವರ್ಜೀನಿಯದ ಪತ್ರಿಕಾ ಸಂಪಾದಕನಾದ ರಿಚಿ ಎಂಬವನಿಗೆ ಒಂದು ಪತ್ರವನ್ನು ಬರೆದು, ದಕ್ಷಿಣದ ತೋಟಗಾರ ಒಡೆಯರೂ ಉತ್ತರದ ಸಾಮಾನ್ಯ ಜನರೂ ಜ್ಯಾಕ್ಸನನ ಹೆಸರಿನಲ್ಲಿ ಕೂಡಬೇಕೆಂದು ಸೂಚಿಸಿದನು. ಹಾಗೆ ಕೂಡಿದರೆ ಗುಲಾಮಗಿರಿಯ ವಿಷಯದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಏಳುವ ಕಲಹವು ಅಡಗುವುದೆಂದೂ ಅದರಲ್ಲಿ ಕಾಣಿಸಿದ್ದನು. ಇಂದು ಡೆಮೊಕ್ರಾಟಿಕ್ ಎಂದು ಕರೆಯಲ್ಪಡುವ ಪಕ್ಷದ ಅಸ್ತಿಭಾರವು ಇದೇ.

1828ರ ಚುನಾವಣೆಯಷ್ಟು ಹೊಲಸಾದದ್ದು ಅದುವರೆಗೆ ನಡೆದಿರಲಿಲ್ಲ. ಆಡಮ್ಸನು ರಷ್ಯದ ಚಕ್ರವರ್ತಿಗೆ ಹೆಣ್ಣನ್ನು ಒದಗಿಸಿದನೆಂದು ಒಂದು ಕಡೆಯವರು ಸುಳ್ಳು ಹುಟ್ಟಿಸಿದರು. ಜ್ಯಾಕ್ಸನನ ಪತ್ನಿಯಾದ ರೇಚಲಳ ಮೊದಲನೆಯ ವಿವಾಹದ ಬಿಡುಗಡೆಯು ಕ್ರಮವಾಗಿ ಆಗಿರಲಿಲ್ಲವೆಂಬುದನ್ನು ಹಿಡಿದು ಮತ್ತೊಂದು ಕಡೆಯವರು ಪತ್ರಿಕೆಗಳಲ್ಲಿ ಆಕೆಯ ಮಾನವನ್ನು ಹರಾಜಿಗಿಟ್ಟರು. ಆಕೆ ಆ ಡಿಸೆಂಬರಿನಲ್ಲಿಯೇ ತೀರಿಕೊಂಡಳು. ಗಂಡಸರ ಪಕ್ಷಗಳ ಕಾದಾಟದಲ್ಲಿ ಮೊದಲು ಬಿದ್ದವಳು ಮತವೇ ಇಲ್ಲದ ಒಬ್ಬ ಹೆಂಗಸು. ಜ್ಯಾಕ್ಸನನು 178 ಮತಗಳಿಂದ ಗೆದ್ದನು. ಆಡಮ್ಸನಿಗೆ 83 ದೊರೆತವು. ಮತ ಕೊಟ್ಟ ಪ್ರಜೆಗಳ ಸಂಖ್ಯೆಯು 1824ರಲ್ಲಿ ನಾಲ್ಕು ಲಕ್ಷಕ್ಕಿಂತ ಕಡಿಮೆಯಿದ್ದದ್ದು ಈ ಸಲ ಹನ್ನೊಂದು ಲಕ್ಷವನ್ನು ದಾಟಿತು. ಆಸ್ತಿಯಿಲ್ಲದ ಬಿಳಿಯ ಗಂಡಸರಿಗೂ ಬಹುಮಟ್ಟಿಗೆ ಎಲ್ಲೆಡೆಯೂ ಮತವು ದೊರೆತಿತ್ತು. ಅವರನ್ನು ಮನೆಯಿಂದ ಹೊರಡಿಸಿದ್ದು ಪಕ್ಷದ ಸಂಘಟನೆಯೇ.

ಆಡಮ್ಸನು ಹೊಸ ಅಧ್ಯಕ್ಷನ ಪದಗ್ರಹಣಕ್ಕೆ ಹೋಗಲಿಲ್ಲ. 1829ರ ಏಪ್ರಿಲಿನಲ್ಲಿ ಹಿರಿಯ ಮಗನಾದ ಜಾರ್ಜನು ಹಡಗಿನಿಂದ ನೀರಿಗೆ ಬಿದ್ದು ಸತ್ತನು. ಪದವಿಯೂ ಹೋಗಿ ಮಗನೂ ಹೋಗಿ, ಅರುವತ್ತೊಂದು ವರ್ಷದ ಮುದುಕನು ಪುಸ್ತಕಗಳ ನಡುವೆ ಕುಳಿತನು. ಅವನ ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

1830ರಲ್ಲಿ ಊರಿನವರು ಅವನನ್ನು ಪ್ರತಿನಿಧಿ ಸಭೆಗೆ ನಿಲ್ಲಬೇಕೆಂದು ಕೇಳಿದರು. ಅಧ್ಯಕ್ಷನಾಗಿದ್ದವನು ಸಾಮಾನ್ಯ ಸದಸ್ಯನಾಗುವುದು ಅಗೌರವವೆಂದು ಮನೆಯವರು ಬೇಡವೆಂದರು. ಜನರು ಕರೆದ ಯಾವ ಕೆಲಸವೂ ಕೀಳಲ್ಲವೆಂದು ಹೇಳಿ ಅವನು ಒಪ್ಪಿದನು. 1831ರ ಡಿಸೆಂಬರಿನಿಂದ ಸಾಯುವ ದಿನದ ಪರ್ಯಂತ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಆ ಸಭೆಯಲ್ಲಿ ಕುಳಿತನು. ಮೊದಲು ರಹಸ್ಯ ಸಂಘಗಳನ್ನು ವಿರೋಧಿಸುತ್ತಿದ್ದ ಆಂಟಿಮೇಸನಿಕ್ ಎಂಬ ಚಿಕ್ಕ ಪಕ್ಷದಲ್ಲಿದ್ದನು. ಅಧ್ಯಕ್ಷ ಪದವಿಯ ಅಭ್ಯರ್ಥಿಯನ್ನು ದೇಶದ ನಾನಾ ಕಡೆಗಳ ಪ್ರತಿನಿಧಿಗಳು ಒಂದು ಮಹಾಸಭೆಯಲ್ಲಿ ಸೇರಿ ಆರಿಸುವ ಪದ್ಧತಿಯನ್ನು 1831ರಲ್ಲಿ ಬಾಲ್ಟಿಮೋರಿನಲ್ಲಿ ಪ್ರಾರಂಭಿಸಿದ್ದು ಈ ಚಿಕ್ಕ ಪಕ್ಷವೇ. ದೊಡ್ಡ ಪಕ್ಷಗಳು ಅದನ್ನು ನೋಡಿ ಅನುಸರಿಸಿದವು. ಬಳಿಕ ಜ್ಯಾಕ್ಸನನ ವಿರೋಧಿಗಳೆಲ್ಲ ಕ್ಲೇಯ ಸುತ್ತ ಕೂಡಿ ವಿಗ್ ಪಕ್ಷವಾದಾಗ ಆಡಮ್ಸನೂ ಆ ಬೆಂಚುಗಳಿಗೆ ಹೋದನು. ಹೀಗೆ ಮತ್ತೆ ಎರಡು ಪಕ್ಷಗಳಾದವು. ಗೆಲ್ಲುವುದಕ್ಕೆ ಅರ್ಧಕ್ಕಿಂತ ಹೆಚ್ಚು ಮತಗಳು ಬೇಕಾದಲ್ಲಿ ನಾಲ್ಕು ಗುಂಪುಗಳು ಬೇರೆ ಬೇರೆ ನಿಂತರೆ ಏನಾಗುವುದೆಂದು 1824 ಕಲಿಸಿತ್ತು. ಕಾಂಗ್ರೆಸ್ಸಿನ ಸ್ಥಾನಗಳಲ್ಲಿಯೂ ಒಂದು ಕ್ಷೇತ್ರಕ್ಕೆ ಒಬ್ಬನೇ ಆರಿಸಿ ಬರುವ ಪದ್ಧತಿಯು ಹಬ್ಬುತ್ತಿತ್ತು. ಮೂರನೆಯವನಿಗೆ ಕೊಟ್ಟ ಮತವು ವ್ಯರ್ಥವೆಂದು ಜನರು ಎಣಿಸತೊಡಗಿದರು. ನಮ್ಮ ಹುಡುಗಿಯರ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ಇದರಲ್ಲಿಯೇ ಇದೆ.

ಆದರೆ ಈ ಎರಡು ಪಕ್ಷಗಳಿಗೂ ಉತ್ತರದಲ್ಲಿಯೂ ದಕ್ಷಿಣದಲ್ಲಿಯೂ ಜನರಿದ್ದುದರಿಂದ, ಮನೆಯೊಡೆಯಬಾರದೆಂದರೆ ಗುಲಾಮಗಿರಿಯ ಮಾತನ್ನು ಎರಡೂ ಕಡೆಯವರು ಎತ್ತಬಾರದಾಗಿತ್ತು. ಬ್ಯಾಂಕಿನ ವಿಷಯವಾಗಿಯೂ ಸುಂಕದ ವಿಷಯವಾಗಿಯೂ ಗಂಟಲು ಹರಿಯುವಂತೆ ಕೂಗಾಡಬಹುದು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರು ಪಶುಗಳಂತೆ ಮಾರಲ್ಪಡುತ್ತಿದ್ದ ವಿಷಯವನ್ನು ಮಾತ್ರ ಆಡಕೂಡದು. ಎರಡು ಪಕ್ಷಗಳ ಏರ್ಪಾಡಿಗೆ ತೆತ್ತ ಬೆಲೆ ಇದು.

ಈ ಮೌನವನ್ನು ಮುರಿದವರು ಪಕ್ಷಗಳ ಮುಖಂಡರಲ್ಲ. ಊರೂರಿನ ಸಾಧಾರಣ ಜನರು, ಅವರಲ್ಲಿಯೂ ವಿಶೇಷವಾಗಿ ಹೆಂಗಸರು, ರಾಜಧಾನಿಯಾದ ವಾಷಿಂಗ್ಟನಿನಲ್ಲಾದರೂ ಗುಲಾಮರ ಮಾರಾಟವನ್ನು ನಿಲ್ಲಿಸಬೇಕೆಂದು ಅರ್ಜಿಗಳನ್ನು ಬರೆದು ಮನೆಮನೆಗೆ ಹೋಗಿ ರುಜು ಹಾಕಿಸಿ ಕಾಂಗ್ರೆಸ್ಸಿಗೆ ಕಳುಹಿಸತೊಡಗಿದರು. ಸಾವಿರಾರು ಅರ್ಜಿಗಳು ಬಂದವು. ಆಗ 1836ರ ಮೇ ತಿಂಗಳಲ್ಲಿ ಪ್ರತಿನಿಧಿ ಸಭೆಯು 117ಕ್ಕೆ 68 ಮತಗಳಿಂದ ಒಂದು ನಿರ್ಣಯವನ್ನು ಮಾಡಿತು: ಗುಲಾಮಗಿರಿಗೆ ಸಂಬಂಧಪಟ್ಟ ಯಾವ ಅರ್ಜಿಯನ್ನೂ ಓದದೆ, ಅಚ್ಚು ಹಾಕದೆ, ಚರ್ಚಿಸದೆ ಬದಿಗಿಡತಕ್ಕದ್ದು. ಇದಕ್ಕೆ ಬಾಯಿಕಟ್ಟಿನ ನಿಯಮವೆಂದು ಹೆಸರು ಬಂತು. ಆಡಮ್ಸನ ಹೆಸರನ್ನು ಕರೆದಾಗ ಅವನು ಎದ್ದು, ಈ ನಿರ್ಣಯವು ರಾಜ್ಯಾಂಗಕ್ಕೂ ಸಭೆಯ ನಿಯಮಗಳಿಗೂ ತನ್ನನ್ನು ಆರಿಸಿದವರ ಹಕ್ಕಿಗೂ ವಿರುದ್ಧವಾದದ್ದೆಂದು ಕೂಗಿ ಹೇಳಿದನು. ಸುತ್ತಲೂ ಗದ್ದಲವೆದ್ದಿತು.

ಇಲ್ಲಿ ಒಂದನ್ನು ಮುಚ್ಚಿಡಬಾರದು. ಆಡಮ್ಸನು ಅದುವರೆಗೆ ಗುಲಾಮಗಿರಿಯ ವಿಷಯದಲ್ಲಿ ಬಹಿರಂಗವಾಗಿ ಹೋರಾಡಿದವನಲ್ಲ. 1820ರಲ್ಲಿ ಮಿಸೌರಿ ಸಂಸ್ಥಾನದ ವಿವಾದವು ನಡೆದಾಗ ಅದು ಮಹಾಪಾಪವೆಂದು ದಿನಚರಿಯಲ್ಲಿ ಬರೆದುಕೊಂಡನು, ಹೊರಗೆ ಬಾಯಿಬಿಡಲಿಲ್ಲ. ಆಗ ಮುಂದೆ ಪದವಿಯಿತ್ತು. ಈಗ ಪಡೆಯಬೇಕಾದ ಪದವಿ ಯಾವುದೂ ಇರಲಿಲ್ಲ, ಹೆದರಬೇಕಾದ ಪಕ್ಷವೂ ಇರಲಿಲ್ಲ. ತನ್ನ ಕ್ಷೇತ್ರದ ಜನರೊಬ್ಬರಿಗೇ ಅವನು ಉತ್ತರ ಕೊಡಬೇಕಾಗಿತ್ತು.

ನಿಯಮದ ಸಂದುಗಳನ್ನು ಹುಡುಕಿ ಅವನು ದಿನದಿನವೂ ಅರ್ಜಿಗಳನ್ನು ತಂದನು. 1837ರ ಫೆಬ್ರವರಿ 6ರಂದು, ತನ್ನ ಕೈಯಲ್ಲಿ 22 ಮಂದಿ ಗುಲಾಮರದೆಂದು ತೋರುವ ಒಂದು ಅರ್ಜಿಯಿದೆ, ಇದನ್ನು ಒಪ್ಪಿಸಬಹುದೋ ಎಂದು ಸಭಾಪತಿಯನ್ನು ವಿನಯದಿಂದ ಕೇಳಿದನು. ದಕ್ಷಿಣದವರು ಹುಚ್ಚೆದ್ದರು; ಅವನನ್ನು ಸಭೆಯಿಂದ ಹೊರಗೆ ಹಾಕಬೇಕೆಂದೂ ಖಂಡಿಸಬೇಕೆಂದೂ ಸೂಚನೆಗಳು ಬಂದವು. ಎಲ್ಲರೂ ಚೆನ್ನಾಗಿ ಕೂಗಿ ದಣಿದ ಮೇಲೆ, ಆ ಅರ್ಜಿಯು ಗುಲಾಮಗಿರಿಯನ್ನು ತೆಗೆಯಬಾರದೆಂದು ಕೇಳುವ ಅರ್ಜಿಯೆಂದು ಅವನು ತಿಳಿಸಿದನು. ಈ ಮುದುಕನಿಗೆ ತುಂಟತನವೂ ಬರುತ್ತಿತ್ತು.

1838ರಲ್ಲಿ ಟೆಕ್ಸಾಸ್ ಪ್ರದೇಶವನ್ನು ಸೇರಿಸಿಕೊಳ್ಳಬಾರದೆಂದು ಹೆಂಗಸರು ಕಳುಹಿಸಿದ ಅರ್ಜಿಗಳು ರಾಶಿಯಾಗಿ ಬಂದವು, ಯಾಕೆಂದರೆ ಅದು ಗುಲಾಮಗಿರಿಯನ್ನು ಇನ್ನೂ ಹರಡುವಂಥದಾಗಿತ್ತು. ಮೇರಿಲೆಂಡಿನ ಸದಸ್ಯನಾದ ಹೊವರ್ಡನು, ಹೆಂಗಸರು ಗಂಡ, ಮಕ್ಕಳು, ಮನೆಯ ಕೆಲಸ ಇವನ್ನು ಬಿಟ್ಟು ರಾಜಕೀಯದ ಬಯಲಿಗೆ ಬರುವುದು ತಮ್ಮ ಜಾತಿಗೂ ದೇಶಕ್ಕೂ ಕುಂದು ತರುವುದೆಂದು ಮರುಕಪಟ್ಟನು. ಆಡಮ್ಸನು ಜೂನ್ 16ರಿಂದ ಜುಲೈ 7ರ ವರೆಗೆ ಬೆಳಗಿನ ಹೊತ್ತಿನಲ್ಲಿ ತನಗೆ ದೊರೆತ ಅವಕಾಶದಲ್ಲೆಲ್ಲ ಇದಕ್ಕೆ ಉತ್ತರ ಕೊಟ್ಟನು. ಸತ್ಯವೇದವನ್ನು ದಿನವೂ ಓದಿದವನ ಮುಂದೆ ಹೊವರ್ಡನು ಆ ಮಾತನ್ನು ಆಡಬಾರದಾಗಿತ್ತು. ಮಿರ್ಯಾಮಳು ಯಾರು, ಇಸ್ರಾಯೇಲ್ಯರಿಗೆ ನ್ಯಾಯ ತೀರಿಸಿದ ದೆಬೋರಳು ಯಾರು, ಯಾಯೇಲಳು ಯಾರು, ತನ್ನ ಜನರ ಪ್ರಾಣಕ್ಕಾಗಿ ಅರಸನ ಮುಂದೆ ಬಿನ್ನಹ ಮಾಡಿದ ಎಸ್ತೇರಳು ಯಾರು ಎಂದು ಒಬ್ಬೊಬ್ಬರನ್ನಾಗಿ ಹೆಸರಿಸಿದನು. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ದೇಶಕ್ಕಾಗಿ ದುಡಿದ ಹೆಂಗಸರನ್ನೂ ನೆನಪಿಗೆ ತಂದನು. ಹೆಂಗಸರಿಗೆ ಮತವಿಲ್ಲವೆಂಬ ಕಾರಣದಿಂದ ಬಿನ್ನವಿಸುವ ಹಕ್ಕೂ ಇಲ್ಲವೆಂದು ಹೇಳುವುದು ಯಾವ ನ್ಯಾಯವೆಂದು ಕೇಳಿದನು. ಅಷ್ಟಕ್ಕೇ ನಿಲ್ಲದೆ, ಅವರಿಗೆ ಮತದ ಹಕ್ಕು ಇಲ್ಲವೆಂಬುದಾದರೂ ಅಷ್ಟು ನಿಶ್ಚಯವೋ ಎಂದೂ ಕೇಳಿಬಿಟ್ಟನು. ಅಬಿಗೇಲಳು ಸತ್ತು ಆಗ ಇಪ್ಪತ್ತು ವರ್ಷವಾಗಿತ್ತು. ಅಮೆರಿಕದ ಹೆಂಗಸರಿಗೆ ದೇಶದಾದ್ಯಂತ ಮತವು ದೊರೆತದ್ದು 1920ರಲ್ಲಿ.

1841ರಲ್ಲಿ ಅವನು ಮತ್ತೊಂದು ಹೊರೆಯನ್ನು ಹೊತ್ತನು. ಆಮಿಸ್ಟಾಡ್ ಎಂಬ ಸ್ಪೇನಿನ ಹಡಗಿನಲ್ಲಿ ಕಳ್ಳತನದಿಂದ ಒಯ್ಯಲ್ಪಡುತ್ತಿದ್ದ ಆಫ್ರಿಕದವರು 1839ರಲ್ಲಿ ದಂಗೆಯೆದ್ದು ಹಡಗನ್ನು ಹಿಡಿದುಕೊಂಡಿದ್ದರು. ಅಮೆರಿಕದ ತೀರದಲ್ಲಿ ಸಿಕ್ಕಿ ಸೆರೆಯಲ್ಲಿದ್ದರು. ಆಗಿನ ಅಧ್ಯಕ್ಷನು ವ್ಯಾನ್ ಬ್ಯೂರೆನನೇ. ದಕ್ಷಿಣದ ಮತಗಳಿಗೆ ಅಂಜಿದ ಅವನ ಸರಕಾರವು ಅವರನ್ನು ಸ್ಪೇನಿನವರಿಗೆ ಒಪ್ಪಿಸಿಬಿಡಬೇಕೆಂದು ವಾದಿಸಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವರಿಷ್ಠ ನ್ಯಾಯಾಲಯದಲ್ಲಿ ವಾದ ಮಾಡದಿದ್ದ ಆಡಮ್ಸನು ನಡುಗುವ ಕೈಯಿಂದ ಕಾಗದಗಳನ್ನು ಹಿಡಿದು ಅವರ ಪರವಾಗಿ ನಿಂತನು. ಮಾರ್ಚ್ 9ರಂದು ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. ಬದುಕಿ ಉಳಿದಿದ್ದ 35 ಮಂದಿಯು ಮಿಶನೆರಿಗಳ ಸಂಗಡ ಆಫ್ರಿಕಕ್ಕೆ ಹಿಂದಿರುಗಿದರು. ಹೋಗುವ ಮೊದಲು ಅವನಿಗೆ ಒಂದು ಸತ್ಯವೇದವನ್ನು ಕಾಣಿಕೆಯಾಗಿ ಕೊಟ್ಟರು.

1842ರ ಜನವರಿಯಲ್ಲಿ ಹೇವರಿಲ್ ಎಂಬ ಊರಿನ 46 ಮಂದಿ, ಗುಲಾಮಗಿರಿಯೊಡನೆ ಬಾಳುವುದಕ್ಕಿಂತ ಸಂಯುಕ್ತ ರಾಜ್ಯವನ್ನೇ ಶಾಂತಿಯಿಂದ ಬಿಡಿಸಿಬಿಡಬೇಕೆಂದು ಕೇಳಿದ ಅರ್ಜಿಯನ್ನು ಅವನು ಸಭೆಯಲ್ಲಿಟ್ಟನು. ತಾನು ಇದನ್ನು ಒಪ್ಪುವುದಿಲ್ಲ, ಇದಕ್ಕೆ ಸಮಾಧಾನವಾದ ಉತ್ತರವನ್ನು ಕೊಟ್ಟು ಕಳುಹಿಸಬೇಕೆಂದು ಅವನು ಸ್ಪಷ್ಟವಾಗಿ ಹೇಳಿದರೂ, ರಾಜದ್ರೋಹಕ್ಕೆ ಸಮಾನವಾದ ಅಪರಾಧವೆಂದು ಖಂಡನೆಯ ನಿರ್ಣಯವು ಬಂತು. ಅದನ್ನು ಮಂಡಿಸಿದ ಕೆಂಟಕಿಯ ಮಾರ್ಶಲನು ಆಡಮ್ಸನ ಸ್ವಂತ ವಿಗ್ ಪಕ್ಷದವನೇ. ಎಪ್ಪತ್ತನಾಲ್ಕು ವರ್ಷದ ಮುದುಕನು ಎದ್ದು ಮೊದಲು ಸ್ವಾತಂತ್ರ್ಯ ಘೋಷಣೆಯ ಪತ್ರವನ್ನು ಓದಬೇಕೆಂದು ಗುಮಾಸ್ತನಿಗೆ ಹೇಳಿದನು. ಸುಮಾರು ಎರಡು ವಾರ ವಿಚಾರಣೆ ನಡೆಯಿತು. ತನ್ನನ್ನು ಸಮರ್ಥಿಸಿಕೊಳ್ಳುವ ನೆವದಿಂದ ಗುಲಾಮಗಿರಿಯ ವಿಷಯವಾಗಿ ಆಡಬಾರದ ಮಾತುಗಳನ್ನೆಲ್ಲ ಅವನು ಆಡಿದನು. ದೇಶದ ಪತ್ರಿಕೆಗಳು ಅವನ್ನೆಲ್ಲ ಅಚ್ಚು ಹಾಕಿದವು. ಫೆಬ್ರವರಿ 7ರಂದು ಸಭೆಯು ಸೋತು, 106ಕ್ಕೆ 93 ಮತಗಳಿಂದ ಆ ನಿರ್ಣಯವನ್ನು ಕೈಬಿಟ್ಟಿತು. 1844ರ ಡಿಸೆಂಬರ್ 3ರಂದು ಬಾಯಿಕಟ್ಟಿನ ನಿಯಮವನ್ನೇ ತೆಗೆದುಹಾಕಬೇಕೆಂಬ ಆಡಮ್ಸನ ಸೂಚನೆಯು 108ಕ್ಕೆ 80 ಮತಗಳಿಂದ ಅಂಗೀಕಾರವಾಯಿತು. ಉತ್ತರದ ಡೆಮೊಕ್ರಾಟರಲ್ಲಿ ಬಹು ಮಂದಿ ತಮ್ಮ ಪಕ್ಷದ ದಕ್ಷಿಣದವರನ್ನು ಬಿಟ್ಟು ಅವನೊಡನೆ ಮತ ಕೊಟ್ಟಿದ್ದರು. ಆ ರಾತ್ರಿ ದಿನಚರಿಯಲ್ಲಿ ದೇವರಿಗೆ ಸ್ತೋತ್ರವನ್ನು ಬರೆದನು.

1846ರಲ್ಲಿ ಮೆಕ್ಸಿಕೋ ದೇಶದ ಮೇಲೆ ಯುದ್ಧವನ್ನು ಸಾರಿದಾಗ ಪ್ರತಿನಿಧಿ ಸಭೆಯಲ್ಲಿ ಬೇಡವೆಂದವರು 14 ಮಂದಿ ಮಾತ್ರ, ಅವರಲ್ಲಿ ಅವನೊಬ್ಬನು. 1848ರ ಫೆಬ್ರವರಿ 21ರಂದು ಆ ಯುದ್ಧದ ಸೇನಾಪತಿಗಳನ್ನು ಗೌರವಿಸುವ ನಿರ್ಣಯದ ವಿಷಯದಲ್ಲಿ ಇಲ್ಲವೆಂದು ಗಟ್ಟಿಯಾಗಿ ಮತ ಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಏಳಲು ಪ್ರಯತ್ನಿಸಿ ತನ್ನ ಸ್ಥಳದಲ್ಲಿಯೇ ಕುಸಿದುಬಿದ್ದನು. ಸಭಾಪತಿಯ ಕೊಠಡಿಗೆ ಎತ್ತಿಕೊಂಡು ಹೋಗಿ ಮಲಗಿಸಿದರು. ಅಲ್ಲಿಯೇ 23ರ ಸಾಯಂಕಾಲ ತೀರಿಕೊಂಡನು. ಆ ಸಭೆಯಲ್ಲಿ ಅದೇ ಚಳಿಗಾಲದಲ್ಲಿ ಹೊಸದಾಗಿ ಬಂದಿದ್ದ ಇಲಿನಾಯ್ಸಿನ ವಿಗ್ ಸದಸ್ಯನೊಬ್ಬನು ಅವನ ಶವಸಂಸ್ಕಾರದ ಏರ್ಪಾಡುಗಳನ್ನು ನೋಡುವ ಸಮಿತಿಗೆ ಸೇರಿಸಲ್ಪಟ್ಟನು. ಅವನ ಹೆಸರು ಅಬ್ರಹಾಂ ಲಿಂಕನ್.

ಆರು ತಿಂಗಳೊಳಗೆ, 1848ರ ಆಗಸ್ಟಿನಲ್ಲಿ, ಗುಲಾಮಗಿರಿಯು ಹೊಸ ಪ್ರದೇಶಗಳಿಗೆ ಹರಡಬಾರದೆನ್ನುವವರು ಎರಡು ಪಕ್ಷಗಳಿಂದಲೂ ಹೊರಬಂದು ಫ್ರೀ ಸಾಯಿಲ್ ಎಂಬ ಮೂರನೆಯ ಪಕ್ಷವನ್ನು ಕಟ್ಟಿದರು. ಅವರು ಅಧ್ಯಕ್ಷ ಪದವಿಗೆ ನಿಲ್ಲಿಸಿದ್ದು ಮಾರ್ಟಿನ್ ವ್ಯಾನ್ ಬ್ಯೂರೆನನನ್ನು. ಉಪಾಧ್ಯಕ್ಷ ಪದವಿಗೆ ಆಡಮ್ಸನ ಮಗನಾದ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸನನ್ನು. ತಂದೆಯ ಆಳ್ವಿಕೆಯನ್ನು ಕೆಡಹಿ ಡೆಮೊಕ್ರಾಟಿಕ್ ಪಕ್ಷವನ್ನು ಕಟ್ಟಿದವನೂ ಆ ತಂದೆಯ ಮಗನೂ ಒಂದೇ ಚೀಟಿಯಲ್ಲಿ ನಿಂತರು. ಒಂದು ಸಂಸ್ಥಾನವನ್ನೂ ಅವರು ಗೆಲ್ಲಲಿಲ್ಲ. ಪ್ರಜೆಗಳ ಮತಗಳಲ್ಲಿ ಸುಮಾರು ಹತ್ತರಲ್ಲೊಂದು ಪಾಲು ದೊರೆಯಿತು. ಆದರೆ ವಿಗ್ ಪಕ್ಷದ ಮನೆಯು ಆಗಲೇ ಬಿರುಕು ಬಿಟ್ಟಿತ್ತು. 1854ರಲ್ಲಿ ಕ್ಯಾನ್ಸಾಸ್ ಮತ್ತು ನೆಬ್ರಾಸ್ಕ ಪ್ರದೇಶಗಳಿಗೆ ಗುಲಾಮಗಿರಿಯ ಬಾಗಿಲನ್ನು ತೆರೆದ ಕಾಯಿದೆಯಿಂದ ಅದು ಬಿದ್ದೇಹೋಯಿತು. ಅದೇ ವರ್ಷ ಇಂದಿನ ರಿಪಬ್ಲಿಕನ್ ಪಕ್ಷವು ಹುಟ್ಟಿ, 1860ರಲ್ಲಿ ಲಿಂಕನನನ್ನು ಅಧ್ಯಕ್ಷನನ್ನಾಗಿ ಮಾಡಿತು. ಅಂದಿನಿಂದ ಇಂದಿನ ವರೆಗೂ ಡೆಮೊಕ್ರಾಟಿಕ್ ಮತ್ತು ರಿಪಬ್ಲಿಕನ್ ಎಂಬ ಈ ಎರಡು ಪಕ್ಷಗಳ ಹೊರಗಿನವನೊಬ್ಬನು ಅಧ್ಯಕ್ಷನಾಗಿ ಆರಿಸಿ ಬಂದದ್ದಿಲ್ಲ. 1861ರಲ್ಲಿ ಲಿಂಕನನು ಚಾರ್ಲ್ಸ್ ಫ್ರಾನ್ಸಿಸನನ್ನು ಲಂಡನ್ನಿಗೆ ದೇಶದ ಪ್ರತಿನಿಧಿಯಾಗಿ ಕಳುಹಿಸಿದನು. ಅಜ್ಜನೂ ತಂದೆಯೂ ಹಿಂದೆ ವಹಿಸಿದ್ದ ಆ ಕೆಲಸದಲ್ಲಿ ಅವನು 1868ರ ವರೆಗೆ ಇದ್ದನು.